ಕೆಲಸ ಬಿಡಬೇಡಿ, ನಾನೂರು ಪದ ಬರೀರಿ

ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ತಿಂಗಳಿಗೊಬ್ಬರಾದ್ರೂ ಈ ಮಾತು ಹೇಳ್ತಾರೆ: "ಈ ಕೆಲಸ ಬಿಟ್ಟು, ಒಂದು ವರ್ಷ ದೇಶ ಸುತ್ತಿ, ಆಮೇಲೆ ಕಾದಂಬರಿ ಬರೀತೀನಿ." ಹಾಗೆ ಹೇಳೋರಲ್ಲಿ ನಾನೂ ಒಬ್ಬ. ಐದು ವರ್ಷದಿಂದ ಹೇಳ್ತಿದೀನಿ. ಲಡಾಖ್ ಆಯ್ತು, ವಿಯೆಟ್ನಾಂ ಆಯ್ತು. ಫೋನ್ ತುಂಬ ಫೋಟೊ ಇವೆ, ಕಾದಂಬರಿ ಒಂದು ಪುಟವೂ ಇಲ್ಲ.

ಈ ನೆಪಕ್ಕೆ ಒಳ್ಳೇ ಮದ್ದು ಟೆರ್ರಿ ಪ್ರ್ಯಾಚೆಟ್‌ನ ಬದುಕು. 'ಡಿಸ್ಕ್‌ವರ್ಲ್ಡ್' ಸರಣಿಯ 41 ಕಾದಂಬರಿ ಬರೆದ ಇಂಗ್ಲೆಂಡಿನ ಲೇಖಕ. ದೈತ್ಯ ಆಮೆಯ ಬೆನ್ನ ಮೇಲೆ ನಾಲ್ಕು ಆನೆ, ಆನೆಗಳ ಮೇಲೆ ತಟ್ಟೆಯಂಥ ಜಗತ್ತು. ಆದಿಕೂರ್ಮ, ದಿಗ್ಗಜಗಳ ಕಥೆ ಕೇಳಿ ಬೆಳೆದ ನಮಗೆ ಇದು ಹೊಸದೇನಲ್ಲ.

ಈತ 17ನೇ ವಯಸ್ಸಿಗೇ ಓದು ಬಿಟ್ಟು ಊರಿನ ಪತ್ರಿಕೆಯೊಂದಕ್ಕೆ ವರದಿಗಾರನಾಗಿ ಸೇರಿದ. 1971ರಲ್ಲಿ ಬಂದ ಮೊದಲ ಕಾದಂಬರಿ ಪೂರ್ತಿ ನಡೆಯೋದು ಒಂದು ಕಾರ್ಪೆಟ್ಟಿನ ಎಳೆಗಳ ನಡುವೆ! ಅದಕ್ಕೆ ಯಾವ ವೀಸಾ ಬೇಕಿತ್ತು ಹೇಳಿ? 1983ರಲ್ಲಿ ಡಿಸ್ಕ್‌ವರ್ಲ್ಡ್‌ನ ಮೊದಲ ಪುಸ್ತಕ ಬಂದಾಗ ಆತ ವಿದ್ಯುತ್ ಮಂಡಳಿಯಲ್ಲಿ ಪತ್ರಿಕಾ ಅಧಿಕಾರಿ. ಹಗಲೆಲ್ಲ ಅಣುಸ್ಥಾವರಗಳ ಬಗ್ಗೆ ಪತ್ರಕರ್ತರ ಪ್ರಶ್ನೆಗೆ ಉತ್ತರ ಕೊಡೋದು, ರಾತ್ರಿ ನಾನೂರು ಪದ ಬರೆಯೋದು. ಕೆಲಸ ಬಿಟ್ಟಿದ್ದು 1987ರಲ್ಲಿ, ಪುಸ್ತಕಗಳೇ ಅನ್ನ ಹಾಕ್ತವೆ ಅನ್ನೋದು ಖಾತ್ರಿಯಾದ ಮೇಲೆ.

"ಆತನೂ ದೇಶ ಸುತ್ತಿದ್ದನಲ್ಲ?" ಅಂತೀರಿ. ಸುತ್ತಿದ, ಚೆನ್ನಾಗೇ ಸುತ್ತಿದ. ಆದರೆ ಯಾವುದು ಮೊದಲು ಅಂತ ನೋಡಿ. ಆತನ ಮಾಂತ್ರಿಕರ ವಿಶ್ವವಿದ್ಯಾಲಯದ ಗ್ರಂಥಪಾಲಕ ಒರಾಂಗುಟಾನ್ ಆಗಿ ಬದಲಾಗಿದ್ದು 1986ರ ಪುಸ್ತಕದಲ್ಲಿ. ನಿಜವಾದ ಒರಾಂಗುಟಾನ್ ಹುಡುಕ್ಕೊಂಡು ಪ್ರ್ಯಾಚೆಟ್ ಬೋರ್ನಿಯೋ ಕಾಡಿಗೆ ಹೋಗಿದ್ದು ತೊಂಬತ್ತರ ದಶಕದಲ್ಲಿ. ಪ್ರವಾಸ ಪುಸ್ತಕ ಕೊಡಲಿಲ್ಲ ಕಣ್ರೀ, ಪುಸ್ತಕವೇ ಟಿಕೆಟ್ ಕೊಡಿಸ್ತು.

"ಆತನಿಗೆ ಸಿಲ್ಕ್ ಬೋರ್ಡ್ ಟ್ರಾಫಿಕ್ ಇತ್ತಾ, ರಾತ್ರಿ ಹತ್ತಕ್ಕೆ ಅಮೆರಿಕದವರ ಕಾಲ್ ಇತ್ತಾ?" ಅನ್ನೋದು ಮುಂದಿನ ಪ್ರಶ್ನೆ. ಇದು ನ್ಯಾಯವಾದ ಪ್ರಶ್ನೆ. ಕೆಲವು ಕೆಲಸ ನಿಜಕ್ಕೂ ಮನುಷ್ಯನನ್ನ ಹಿಂಡಿ ಬಿಸಾಕುತ್ತೆ. ಹಾಗಿದ್ರೆ ಮ್ಯಾನೇಜರ್ ಹತ್ರ ಕೂತು ಆ ಕಾಲ್ ಬಗ್ಗೆ ಜಗಳ ಆಡಿ. ಅದನ್ನ ಬಿಟ್ಟು ಗೋವಾಕ್ಕೆ ಟಿಕೆಟ್ ಬುಕ್ ಮಾಡಿದ್ರೆ ವಾಪಸ್ ಬಂದಾಗ ಕಾಲೂ ಅಲ್ಲೇ ಇರುತ್ತೆ, ಖಾಲಿ ಪುಟವೂ ಅಲ್ಲೇ ಇರುತ್ತೆ.

2007ರಲ್ಲಿ, 59ನೇ ವಯಸ್ಸಿನಲ್ಲಿ, ತನಗೆ ಅಲ್ಜೈಮರ್ಸ್ ಇದೆ ಅಂತ ಪ್ರ್ಯಾಚೆಟ್ ಎಲ್ಲರಿಗೂ ಹೇಳಿದ. ಬರಬರುತ್ತಾ ಟೈಪ್ ಮಾಡೋದೇ ಕಷ್ಟವಾಯ್ತು. ಆಗ ಬಾಯಲ್ಲಿ ಹೇಳಿ ಬರೆಸಿದ. ಕೊನೆಯ ಕಾದಂಬರಿ ಅಚ್ಚಾಗಿದ್ದು 2015ರಲ್ಲಿ, ಆತ ತೀರಿಕೊಂಡ ಮೇಲೆ. ನೆನಪೇ ಜಾರಿ ಹೋಗ್ತಿದ್ದವನು ಬರೆದ. ನಮಗೆ ಮಾತ್ರ "ಮೂಡ್" ಬರಬೇಕು!

ದಿನಕ್ಕೆ ನಾನೂರು ಪದ ಅಂದ್ರೆ ವರ್ಷಕ್ಕೆ 1,46,000. ಅರ್ಧ ಕಸ ಅಂತ ಎಸೆದರೂ ಒಂದು ಕಾದಂಬರಿ ಉಳಿಯುತ್ತೆ. ಈ ಬರಹ ನಾನೂರು ಪದವೂ ಇಲ್ಲ. ಊಟ ಮುಗಿಸಿ, ಅಡುಗೆಮನೆ ಮೇಜಿನ ಮೇಲೆ ಬರೆದೆ. ನಾಳೆಯಿಂದ ಕಾದಂಬರಿ. ಅಲ್ಲ, ಇವತ್ತಿಂದಲೇ.