ಯುಗಾದಿಯ ಶುಭಾಶಯ, ಜೊತೆಗೊಂದು ಅರಿಕೆ

 

ಇದೇ ಮಾರ್ಚ್ ೧೯ರಂದು ಆರಂಭವಾಗುವ ಸಂವತ್ಸರದ ಹೆಸರು ಪರಾಭವ. ಪರಾಭವವೆಂದರೆ ಸೋಲು. ‘ಹೆಸರೇ ಹೀಗಿರುವಾಗ ವರ್ಷ ಹೇಗಿರುವುದೋ’ ಎಂದು ಚಿಕಿತ್ಸೆಗೆ ಬಂದ ಹಿರಿಯರೊಬ್ಬರು ಆತಂಕಪಟ್ಟರು. ೬೦ ಸಂವತ್ಸರಗಳ ಚಕ್ರದಲ್ಲಿ ಇದು ೪೦ನೆಯದು. ಹಿಂದೆ ೧೯೬೬ರಲ್ಲಿಯೂ ಬಂದಿತ್ತು. ಆಗ ನಾನು ಎರಡು ವರ್ಷದ ಕೂಸು. ಅದನ್ನು ದಾಟಿ ಬಂದವರು ಇಂದು ನಮ್ಮ ನಡುವೆ ಬೇಕಾದಷ್ಟು ಜನರಿದ್ದಾರೆ. ತಿಥಿ, ವಾರ, ಮುಹೂರ್ತಗಳ ಭಯವನ್ನು ತೊರೆದ ಶರಣರ ಪರಂಪರೆಯ ನಾವು ವರ್ಷದ ಹೆಸರಿಗೆ ಅಂಜಬೇಕಾಗಿಲ್ಲ. ಅಂಜಬೇಕಾದುದು ನಮ್ಮೊಳಗಿನ ಉದಾಸೀನಕ್ಕೆ. ಅದನ್ನು ನಾನು ಈ ಬಾರಿ ಅನುಭವದಿಂದ ಕಲಿತೆ.

ಎರಡು ತಿಂಗಳು ಈ ಪುಟದಲ್ಲಿ ನನ್ನ ಬರಹ ಕಾಣದಿದ್ದಾಗ ಅನೇಕರು ಮಠಕ್ಕೆ ಪತ್ರ ಬರೆದು, ದೂರವಾಣಿ ಮಾಡಿ ವಿಚಾರಿಸಿದಿರಿ. ನಿಮ್ಮ ಪ್ರೀತಿಗೆ ನಾನು ಋಣಿ. ನಡೆದುದನ್ನು ಮುಚ್ಚಿಡದೆ ಹೇಳುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಕಳೆದ ಕಾರ್ತಿಕ ಮಾಸದ ಒಂದು ಬೆಳಗಿನ ಜಾವ ಸ್ನಾನ ಮುಗಿಸಿ ಇಷ್ಟಲಿಂಗ ಪೂಜೆಗೆ ಕುಳಿತಿದ್ದೆ. ಎದೆಯ ನಡುವೆ ಕಲ್ಲಿಟ್ಟಂತೆ ಭಾರವಾಯಿತು. ಚಳಿಯಲ್ಲಿಯೂ ಹಣೆ ಬೆವರಿತು. ಹಿಂದಿನ ರಾತ್ರಿಯ ಊಟ ಅರಗಿಲ್ಲ, ವಾಯು ಎಂದು ನಾನೇ ತೀರ್ಮಾನಿಸಿ, ಬಿಸಿನೀರಿನಲ್ಲಿ ಹಿಂಗ್ವಾಷ್ಟಕ ಚೂರ್ಣ ಸೇವಿಸಿ ಗೋಡೆಗೊರಗಿದೆ. ನನ್ನ ಮನೆಯವರು ‘ಆಸ್ಪತ್ರೆಗೆ ಹೋಗೋಣ’ ಎಂದು ಮೂರು ಸಲ ಹೇಳಿದರು. ‘ವೈದ್ಯ ನಾನೋ ನೀನೋ’ ಎಂದು ಗದರಿದೆ. ಹೀಗೆ ಮೂರು ಗಂಟೆ ಕಳೆಯಿತು. ಕೊನೆಗೆ ನನ್ನ ಮಾತನ್ನು ಲೆಕ್ಕಿಸದೆ ಸೊಸೆ ೧೦೮ಕ್ಕೆ ಕರೆಮಾಡಿದಳು. ಇಸಿಜಿ ತೆಗೆದಾಗ ಅದು ಹೃದಯಾಘಾತವೆಂದು ತಿಳಿಯಿತು. ಅಂದೇ ದೊಡ್ಡ ಆಸ್ಪತ್ರೆಯಲ್ಲಿ ಒಂದು ಸ್ಟೆಂಟ್ ಅಳವಡಿಸಿದರು.

ಗುರುಕೃಪೆಯಿಂದ ಉಳಿದಿದ್ದೇನೆ. ಆದರೆ ತಡವಾದುದರ ಬೆಲೆಯನ್ನು ತೆತ್ತಿದ್ದೇನೆ. ರಕ್ತ ಸಿಗದೆ ಹೃದಯದ ಸ್ನಾಯುವಿನ ಒಂದು ಭಾಗ ಬಲಗುಂದಿದೆ. ಮಠದ ಮೆಟ್ಟಿಲುಗಳನ್ನು ಈಗ ಎರಡು ಕಡೆ ನಿಂತು ಹತ್ತುತ್ತೇನೆ. ಇದೇ ಲಕ್ಷಣವನ್ನು ರೋಗಿಯೊಬ್ಬರು ಹೇಳಿದ್ದರೆ ಹತ್ತು ನಿಮಿಷವೂ ಕೂರಿಸಿಕೊಳ್ಳದೆ ಕಳುಹಿಸುತ್ತಿದ್ದೆ. ಸೋಲು ಸಂವತ್ಸರದ ಹೆಸರಿನಲ್ಲಿರಲಿಲ್ಲ. ‘ನಾನು ಬಲ್ಲೆ’ ಎಂಬ ಅಹಂಕಾರದಲ್ಲಿತ್ತು.

ಗುಣಮುಖನಾಗಿ ಮನೆಗೆ ಬಂದಾಗ ಭಕ್ತರೊಬ್ಬರು ಕೇಳಿದರು: ‘ಡಾಕ್ಟರೇ, ಆಯುರ್ವೇದದವರಾದ ನೀವೇ ಇಂಗ್ಲಿಷ್ ಔಷಧ ತೆಗೆದುಕೊಂಡರೆ ನಾವು ಯಾರನ್ನು ನಂಬುವುದು?’ ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಪ್ರಶ್ನೆಯೇ ಸರಿಯಲ್ಲವೆಂದು ನನ್ನ ಅಭಿಪ್ರಾಯ. ಚರಕ ಸಂಹಿತೆಯು ಗುಲ್ಮರೋಗದ ಚಿಕಿತ್ಸೆಯನ್ನು ವಿವರಿಸುತ್ತಾ, ಶಸ್ತ್ರಕ್ರಿಯೆ ಬೇಕಾದ ಹಂತ ತಲುಪಿದಾಗ ಅಲ್ಲಿ ಧನ್ವಂತರಿ ಸಂಪ್ರದಾಯದ ಶಸ್ತ್ರವೈದ್ಯರಿಗೇ ಅಧಿಕಾರವೆಂದು ಸ್ಪಷ್ಟವಾಗಿ ಹೇಳುತ್ತದೆ. ತನ್ನ ಮೇರೆಯನ್ನು ಅರಿತು ರೋಗಿಯನ್ನು ಇನ್ನೊಬ್ಬರ ಕೈಗೊಪ್ಪಿಸುವುದು ಶಾಸ್ತ್ರಕ್ಕೆ ಅವಮಾನವಲ್ಲ, ಶಾಸ್ತ್ರವೇ ಕಲಿಸಿದ ವಿನಯ. ಅದೇ ಸಂಹಿತೆ ತಲೆ ಮತ್ತು ಬಸ್ತಿಗಳೊಡನೆ ಹೃದಯವನ್ನೂ ಮೂರು ಪ್ರಧಾನ ಮರ್ಮಗಳಲ್ಲಿ ಎಣಿಸಿದೆ. ಮರ್ಮಕ್ಕೆ ಪೆಟ್ಟು ಬಿದ್ದಾಗ ಪದ್ಧತಿಯ ಅಭಿಮಾನಕ್ಕೆ ಎಡೆಯಿಲ್ಲ. ದೇಹವನ್ನು ದೇಗುಲವೆಂದು ಕಂಡವರು ನಾವು. ದೇಗುಲಕ್ಕೆ ಬೆಂಕಿ ಬಿದ್ದಾಗ ನೀರು ಯಾವ ಬಾವಿಯದೆಂದು ಯಾರೂ ಕೇಳುವುದಿಲ್ಲ.

ಆದುದರಿಂದ ನನ್ನ ಅರಿಕೆ ಇಷ್ಟು. ಎದೆಯಲ್ಲಿ ಒತ್ತಡ, ಎಡತೋಳಿಗೋ ದವಡೆಗೋ ಬೆನ್ನಿಗೋ ಹರಡುವ ನೋವು, ತಣ್ಣನೆಯ ಬೆವರು, ಉಸಿರುಗಟ್ಟುವಿಕೆ ಕಂಡರೆ ಕಷಾಯ ಕುದಿಸುತ್ತಾ ಕೂರಬೇಡಿ. ಮಧುಮೇಹಿಗಳಲ್ಲಿ ಹಾಗೂ ಸ್ತ್ರೀಯರಲ್ಲಿ ಎದೆನೋವಿಲ್ಲದೆ ಬರಿಯ ಸುಸ್ತು, ಹೊಟ್ಟೆಯ ಮೇಲ್ಭಾಗದ ಸಂಕಟವಾಗಿಯೂ ಇದು ತೋರಬಹುದು. ಕೂಡಲೇ ೧೦೮ಕ್ಕೆ ಕರೆಮಾಡಿ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಈಗ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಇಸಿಜಿ ತೆಗೆದು, ರಕ್ತದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ನೀಡುವ ವ್ಯವಸ್ಥೆಯಿದೆ.

ಇನ್ನೊಂದು ಮಾತು. ಮೆಂತ್ಯದ ಗುಣಗಳನ್ನು ಕುರಿತು ಹಿಂದೆ ಬರೆದಿದ್ದೆ. ಅದನ್ನು ಓದಿದ ತಾಯಿಯೊಬ್ಬರು ಸಕ್ಕರೆ ಕಾಯಿಲೆಯ ಮಾತ್ರೆಯನ್ನೇ ನಿಲ್ಲಿಸಿದರೆಂದು ಅವರ ಮಗ ಪತ್ರ ಬರೆದಿದ್ದಾರೆ. ಮಾತ್ರೆ ನಿಲ್ಲಿಸಬಾರದೆಂದು ಆ ಲೇಖನದಲ್ಲಿ ಒಂದು ಸಾಲು ಸೇರಿಸದಿದ್ದುದು ನನ್ನ ತಪ್ಪು. ಯುಗಾದಿಯ ಬೇವು ಕಹಿರಸದಿಂದ ವಸಂತದ ಕಫವನ್ನು ತಗ್ಗಿಸಲು ಒಳ್ಳೆಯದೇ. ಹಾಗೆಂದು ಬೇವಿನ ರಸ ಕುಡಿದು ಮಾತ್ರೆ ಬಿಡಬೇಡಿ. ನನಗೂ ರಕ್ತ ಹೆಪ್ಪುಗಟ್ಟದಂತೆ ಎರಡು ಬಗೆಯ ಮಾತ್ರೆಗಳಿವೆ. ಅವನ್ನು ನನ್ನಷ್ಟಕ್ಕೆ ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು. ಪೂಜೆಯ ನಂತರ ಪ್ರಸಾದ ಸ್ವೀಕರಿಸಿ, ತಪ್ಪದೆ ನುಂಗುತ್ತೇನೆ.

ಹಾಗಾದರೆ ಆಯುರ್ವೇದವನ್ನು ಬಿಟ್ಟೆನೇ? ಇಲ್ಲ. ಸ್ಟೆಂಟ್ ರಕ್ತನಾಳವನ್ನು ತೆರೆಯಿತು. ಆ ನಾಳ ಕಟ್ಟುವಂತೆ ಬದುಕಿದ ರೀತಿಯನ್ನು ತಿದ್ದಿಕೊಳ್ಳಬೇಕಾದವನು ನಾನು. ಚರಕ ಸಂಹಿತೆಯ ಪ್ರಕಾರ ೬೦ರ ನಂತರದ್ದು ಜೀರ್ಣವಯಸ್ಸು, ವಾತಪ್ರಧಾನ ಕಾಲ. ಹಳೆಯ ಅಭ್ಯಾಸವನ್ನು ಒಮ್ಮೆಲೇ ಬಿಡದೆ ಕಾಲುಭಾಗದಂತೆ ಬಿಡುತ್ತಾ, ಹಿತವಾದುದನ್ನು ಕಾಲುಭಾಗದಂತೆ ರೂಢಿಸಿಕೊಳ್ಳುವ ಪಾದಾಂಶಿಕ ಕ್ರಮವನ್ನು ಅದೇ ಸಂಹಿತೆ ಬೋಧಿಸುತ್ತದೆ. ಹಾಗೆಯೇ ನನ್ನ ರಾತ್ರಿಯ ಊಟ ಒಂಬತ್ತೂವರೆಯಿಂದ ಮೆಲ್ಲಮೆಲ್ಲನೆ ಏಳಕ್ಕೆ ಬಂದಿದೆ. ಉಪ್ಪು, ಉಪ್ಪಿನಕಾಯಿ ತಗ್ಗಿವೆ. ಹತ್ತು ನಿಮಿಷದಿಂದ ಆರಂಭಿಸಿದ ನಡಿಗೆ ನಲವತ್ತಕ್ಕೆ ಮುಟ್ಟಿದೆ. ಹೊಸ ವರ್ಷದ ಸಂಕಲ್ಪ ಮಾಡುವವರಿಗೂ ಇದೇ ದಾರಿಯನ್ನು ಸೂಚಿಸುತ್ತೇನೆ. ವೈದ್ಯರು ಕೊಟ್ಟ ಔಷಧಕ್ಕೆ ಮಾತ್ರ ಈ ಕ್ರಮವನ್ನು ನೀವಾಗಿಯೇ ಅನ್ವಯಿಸಬೇಡಿ.

ಇನ್ನು ಮುಂದೆ ರೋಗಿಗಳನ್ನು ಬೆಳಗಿನ ಹೊತ್ತು ಮಾತ್ರ ನೋಡುತ್ತೇನೆ. ಸೋಮವಾರ ಮಠದಲ್ಲಿ ನಡೆಯುವ ಉಚಿತ ತಪಾಸಣೆ ಮುಂದುವರಿಯುತ್ತದೆ. ಅಲ್ಲಿ ಮೊದಲು ರಕ್ತದೊತ್ತಡ ನೋಡಿ ಆಮೇಲೆ ಮಾತು. ಅಂಕಣವೂ ತಪ್ಪದೆ ಬರುತ್ತದೆ. ಕಾಯಕ ನಿಂತರೆ ನನಗೆ ಬೇರೆ ರೋಗವೇ ಬೇಕಾಗಿಲ್ಲ.

ಈ ಯುಗಾದಿಯಂದು ಬೇವುಬೆಲ್ಲ ಹಂಚುವಾಗ ಮನೆಯವರು ನಿಮ್ಮ ಆರೋಗ್ಯದ ಬಗೆಗೆ ಒಂದು ಮಾತು ಹೇಳಿದರೆ ಗದರದೆ ಕೇಳಿಸಿಕೊಳ್ಳಿ. ನಾನು ಕೇಳಲಿಲ್ಲ. ನನ್ನ ಮನೆಯವರಲ್ಲಿ ಕ್ಷಮೆ ಕೇಳಿದ್ದೇನೆ. ಅವರು ನಕ್ಕು ಬಿಸಿನೀರಿನ ಲೋಟ ಮುಂದಿಟ್ಟರು, ಚೂರ್ಣವಿಲ್ಲದೆ.

ಎಲ್ಲರಿಗೂ ಆಯುರಾರೋಗ್ಯ ಲಭಿಸಲಿ. ಶರಣು ಶರಣಾರ್ಥಿ.