ತಿದ್ದಿ ತಿದ್ದಿ ಆಡಿದ ಆಟ

ಪರೀಕ್ಷೆಯ ಕೊಠಡಿಯಲ್ಲಿ ಪುಸ್ತಕ ತೆರೆದಿಟ್ಟುಕೊಂಡು ಬರೆದರೆ ಅದು ನಕಲು. ಅದೇ ಪುಸ್ತಕಗಳನ್ನು ಮನೆಯಲ್ಲಿ ಸುತ್ತಲೂ ಹರಡಿಕೊಂಡು, ಹತ್ತು ಬಾರಿ ಬರೆದು, ಹತ್ತು ಬಾರಿ ಹೊಡೆದುಹಾಕಿ, ಹನ್ನೊಂದನೆಯ ಬಾರಿ ತಿದ್ದಿ ಬರೆದರೆ ಅದು ಪ್ರಬಂಧ. ಎರಡರಲ್ಲಿಯೂ ಪುಸ್ತಕ ಒಂದೇ, ಲೇಖನಿ ಒಂದೇ, ಬರೆಯುವ ಕೈಯೂ ಒಂದೇ. ಹಾಗಿದ್ದರೆ ಮೋಸವೆಂಬುದು ನೆಲೆಸಿರುವುದೆಲ್ಲಿ? ಈ ಪ್ರಶ್ನೆಯನ್ನು ನನ್ನ ಮುಂದೆ ತಂದು ನಿಲ್ಲಿಸಿದವನು 14 ವರ್ಷದ ನನ್ನ ಮೊಮ್ಮಗ.

ಬೇಸಿಗೆಯ ರಜೆಗೆಂದು ಬಂದಿದ್ದ ಅವನು ಒಂದು ಸಂಜೆ ತನ್ನ ಗಣಕಯಂತ್ರದಲ್ಲಿ ಒಂದು ಆಟದ ಚಿತ್ರಣವನ್ನು ತೋರಿಸಿದ. ಜಪಾನಿನ ನಿಂಟೆಂಡೊ ಸಂಸ್ಥೆಯವರು 1985ರಲ್ಲಿ ಹೊರತಂದ ‘ಸೂಪರ್ ಮಾರಿಯೊ ಬ್ರದರ್ಸ್’ ಎಂಬ ವಿಡಿಯೊ ಆಟ ಅದು. ಮೀಸೆ ಹೊತ್ತ ಕುಳ್ಳ ಮನುಷ್ಯನೊಬ್ಬ ಓಡುತ್ತ, ನೆಗೆಯುತ್ತ, ಐದು ನಿಮಿಷ ತುಂಬುವುದರೊಳಗಾಗಿ ಇಡೀ ಆಟವನ್ನು ಮುಗಿಸಿಬಿಟ್ಟ. ಎಲ್ಲಿಯೂ ಎಡವಲಿಲ್ಲ, ಎಲ್ಲಿಯೂ ಅನುಮಾನಿಸಿ ನಿಲ್ಲಲಿಲ್ಲ.

“ಆಡಿದವರು ಯಾರಪ್ಪ? ಎಂಥ ಕೈಚಳಕ!” ಎಂದೆ.

“ಅಜ್ಜಾ, ಇದನ್ನು ಯಾರೂ ಒಂದೇ ಪಟ್ಟಿಗೆ ಕೂತು ಆಡಿಲ್ಲ. ನಿಲ್ಲಿಸಿ ನಿಲ್ಲಿಸಿ, ತಪ್ಪಿದಲ್ಲಿಗೆ ಹಿಂದಿರುಗಿ, ತಿಂಗಳುಗಟ್ಟಲೆ ಮಾಡಿದ್ದು” ಎಂದ.

“ಹಾಗಾದರೆ ಅದು ಮೋಸವಲ್ಲವೇನೋ?”

ಹುಡುಗನ ಮುಖ ಬಾಡಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರು ಅದನ್ನು ಮುಚ್ಚಿಟ್ಟಿಲ್ಲವಲ್ಲ, ಅಜ್ಜಾ” ಎಂದ. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವನ್ನು ಅರಸುತ್ತ ತಿಳಿದುಕೊಂಡದ್ದನ್ನು ಈ ತಿಂಗಳು ಓದುಗ ಬಂಧುಗಳ ಮುಂದೆ ಇರಿಸುತ್ತಿದ್ದೇನೆ.

ಒಂದು ಆಟವನ್ನು ಸಾಧ್ಯವಾದಷ್ಟು ಕಡಿಮೆ ಸಮಯದಲ್ಲಿ ಮುಗಿಸುವ ಪ್ರಯತ್ನಕ್ಕೆ ‘ಸ್ಪೀಡ್‌ರನ್’ ಎಂದು ಹೆಸರು. ಅದನ್ನು ಉಪಕರಣಗಳ ನೆರವಿನಿಂದ ಸಿದ್ಧಪಡಿಸಿದರೆ ‘ಟೂಲ್ ಅಸಿಸ್ಟೆಡ್ ಸ್ಪೀಡ್‌ರನ್’, ಚಿಕ್ಕದಾಗಿ ‘ಟಾಸ್’. ಹಳೆಯ ಆಟದ ಯಂತ್ರವನ್ನು ಯಥಾವತ್ತಾಗಿ ಅನುಕರಿಸುವ ‘ಎಮ್ಯುಲೇಟರ್’ ಎಂಬ ತಂತ್ರಾಂಶಗಳುಂಟು. ಅಂಥ ಆಟದ ಪರದೆ ಸೆಕೆಂಡಿಗೆ ಸುಮಾರು 60 ಬಾರಿ ಬದಲಾಗುತ್ತದೆ. ಒಂದೊಂದು ಬದಲಾವಣೆಯೂ ಒಂದು ಫ್ರೇಮ್. ಎಮ್ಯುಲೇಟರ್‌ನಲ್ಲಿ ಆಟವನ್ನು ಒಂದೊಂದೇ ಫ್ರೇಮಿನಂತೆ ಮುಂದೂಡಬಹುದು. ಪ್ರತಿಯೊಂದರಲ್ಲಿಯೂ ಯಾವ ಗುಂಡಿಯನ್ನು ಒತ್ತಬೇಕೆಂದು ಯೋಚಿಸಿ ತೀರ್ಮಾನಿಸಬಹುದು. ತಪ್ಪಾದರೆ ಮೊದಲೇ ಕಾದಿರಿಸಿದ ಸ್ಥಿತಿಗೆ ಹಿಂದಿರುಗಿ ಮತ್ತೆ ಆರಂಭಿಸಬಹುದು. ಐದು ನಿಮಿಷದ ಆಟವೆಂದರೆ ಸುಮಾರು 18,000 ಫ್ರೇಮುಗಳು, ಅಷ್ಟೂ ತೀರ್ಮಾನಗಳು. ಕೊನೆಗೆ ದೊರೆಯುವುದು ಯಾವ ಕ್ಷಣದಲ್ಲಿ ಯಾವ ಗುಂಡಿ ಎಂಬುದರ ಒಂದು ದೀರ್ಘ ಪಟ್ಟಿ. ಆ ಪಟ್ಟಿಯನ್ನು ಯಾರು ಬೇಕಾದರೂ ತಮ್ಮ ಗಣಕದಲ್ಲಿ ಓಡಿಸಿ, ಅದೇ ಆಟ ಅದೇ ರೀತಿ ಮುಗಿಯುವುದೇ ಎಂದು ಪರೀಕ್ಷಿಸಬಹುದು. ಆಟದ ನಿಯಮಗಳನ್ನಾಗಲಿ ಅದರ ತಂತ್ರಾಂಶವನ್ನಾಗಲಿ ಬದಲಿಸುವಂತಿಲ್ಲ.

ನಿಧಾನವಾಗಿ ಆಡಲು ಅವಕಾಶವಿದ್ದ ಮಾತ್ರಕ್ಕೆ ವೇಗ ತಾನಾಗಿ ಬರುವುದಿಲ್ಲ, ಯೋಚನೆ ಬೇಕು. ಮಾರಿಯೊ ಆಟದಿಂದಲೇ ಒಂದು ನಿದರ್ಶನ. ಅಲ್ಲಿ ಒಂದು ಹಂತ ಮುಗಿದೊಡನೆ ಮುಂದಿನ ಹಂತ ತೆರೆಯುವುದಿಲ್ಲ. ಪ್ರತಿ 21 ಫ್ರೇಮಿಗೊಮ್ಮೆ ಮಾತ್ರ ಬಾಗಿಲು ತೆರೆಯುತ್ತದೆ. ಜಾತ್ರೆಯ ದಾಸೋಹವನ್ನು ನೆನಪಿಸಿಕೊಳ್ಳಿ. ಒಂದು ಪಂಕ್ತಿ ಎದ್ದ ಮೇಲೆಯೇ ಇನ್ನೊಂದು ಪಂಕ್ತಿ. ಅರ್ಧ ಗಂಟೆ ಮೊದಲು ಬಂದವರೂ ಎರಡು ನಿಮಿಷ ಮೊದಲು ಬಂದವರೂ ಕೂಡಿಯೇ ಕುಳಿತು ಉಣ್ಣಬೇಕು. ಆದ್ದರಿಂದ ಒಂದು ಹಂತದಲ್ಲಿ ಐದಾರು ಫ್ರೇಮು ಉಳಿಸಿದರೂ ಹಿಂದಿನ ಪಂಕ್ತಿ ಸಿಕ್ಕದಿದ್ದರೆ ಆ ಶ್ರಮ ವ್ಯರ್ಥ. ಕಟ್ಟಕಡೆಯ ಹಂತದಲ್ಲಿ ಮಾತ್ರ ಈ ಕಟ್ಟು ಇಲ್ಲ. ಅಲ್ಲಿ ಒಂದೊಂದು ಫ್ರೇಮಿಗೂ ಬೆಲೆಯುಂಟು. ಎಲ್ಲಿ ಶ್ರಮಪಡಬೇಕು, ಎಲ್ಲಿ ಶ್ರಮಪಟ್ಟೂ ಫಲವಿಲ್ಲ ಎಂಬುದನ್ನು ಅರಿಯುವುದೇ ಇಲ್ಲಿಯ ಮೊದಲನೆಯ ಪಾಠ.

ಎರಡನೆಯದು ಅದೃಷ್ಟದ ವಿಚಾರ. ಆಟದಲ್ಲಿ ಶತ್ರು ಯಾವ ಕಡೆ ತಿರುಗುವನು, ಯಾವ ಪೆಟ್ಟಿಗೆಯಲ್ಲಿ ಯಾವ ವಸ್ತು ದೊರೆಯುವುದು ಎಂಬುದು ನೋಡುವವರಿಗೆ ದಾಳದ ಬೀಳಿನಂತೆ ತೋರುತ್ತದೆ. ಆದರೆ ಗಣಕಕ್ಕೆ ಅದೃಷ್ಟವೆಂಬುದು ತಿಳಿಯದು. ಲೆಕ್ಕ ಮಾತ್ರ ತಿಳಿಯುತ್ತದೆ. ಎಷ್ಟು ಫ್ರೇಮು ಕಳೆದಿವೆ, ಯಾವ ಗುಂಡಿಗಳನ್ನು ಒತ್ತಲಾಗಿದೆ ಎಂಬಂಥ ಸಂಗತಿಗಳಿಂದ ಅದು ತನ್ನ ಅಂಕಿಯನ್ನು ಹೊರಡಿಸುತ್ತದೆ. ಒಂದು ಫ್ರೇಮು ತಡೆದು ಬಾಗಿಲು ದಾಟಿದರೆ ಫಲವೇ ಬೇರೆಯಾಗಬಹುದು. ಟಾಸ್ ಮಾಡುವವರು ಗಣಕದ ಸ್ಮೃತಿಯಲ್ಲಿ ಆ ಅಂಕಿಗಳು ಬದಲಾಗುವ ಬಗೆಯನ್ನು ಗಮನಿಸಿ, ಬೇಕಾದ ಫಲ ಬರುವ ಕ್ಷಣವನ್ನು ಹುಡುಕುತ್ತಾರೆ.

ಮೂರನೆಯದು, ಮುಂದಿನ ಲಾಭಕ್ಕಾಗಿ ಇಂದಿನ ನಷ್ಟವನ್ನು ಒಪ್ಪುವುದು. ಕೆಲವು ಆಟಗಳಲ್ಲಿ ಶತ್ರುವಿನ ಪೆಟ್ಟನ್ನು ಬೇಕೆಂದೇ ತಿನ್ನುತ್ತಾರೆ. ಪೆಟ್ಟಿನ ರಭಸ ನಾಯಕನನ್ನು ಮುಂದಕ್ಕೆ ತಳ್ಳುತ್ತದೆ, ಇಲ್ಲವೆ ಹಾರಲಾಗದ ಕಂದಕವನ್ನು ದಾಟಿಸುತ್ತದೆ. ಇದಲ್ಲದೆ ಆಟ ರಚಿಸಿದವರ ಕಣ್ಣಿಗೆ ಬೀಳದೆ ಉಳಿದ ದೋಷಗಳುಂಟು. ಗೋಡೆಯೊಳಗೆ ನುಸುಳುವ ಸಂದು, ಬಾವುಟದ ಕಂಬವನ್ನು ಹಿಡಿದರೂ ಬಾವುಟ ಇಳಿಯುವವರೆಗೆ ಕಾಯದೆ ಮುಂದೆ ಸಾಗುವ ಉಪಾಯ ಮುಂತಾದವು ಹೀಗೆ ಬೆಳಕಿಗೆ ಬಂದವು. ಉಪಕರಣಗಳ ನೆರವಿನಿಂದ ತೋರಿಸಲಾದ ಇಂಥ ಉಪಾಯಗಳನ್ನು, ಕೈಯಿಂದಲೇ ಆಡುವ ಆಟಗಾರರು ವರ್ಷಗಟ್ಟಲೆ ಅಭ್ಯಾಸ ಮಾಡಿ ಕರಗತಮಾಡಿಕೊಂಡರು. 2021ರ ಏಪ್ರಿಲ್‌ನಲ್ಲಿ ಆಟಗಾರರೊಬ್ಬರು ಯಾವ ಉಪಕರಣವೂ ಇಲ್ಲದೆ ಮಾರಿಯೊ ಆಟವನ್ನು ಮೊಟ್ಟಮೊದಲ ಬಾರಿಗೆ 4 ನಿಮಿಷ 55 ಸೆಕೆಂಡಿನೊಳಗೆ ಮುಗಿಸಿದಾಗ, ಉಪಕರಣದ ಆಟಕ್ಕೂ ಮನುಷ್ಯನ ಕೈಗೂ ಇದ್ದ ಅಂತರ ಒಂದು ಸೆಕೆಂಡಿಗಿಂತ ಕಡಿಮೆಯಾಗಿತ್ತು. ತಿದ್ದಿ ಬರೆದ ಹಸ್ತಪ್ರತಿ ಹೀಗೆ ಕಲಿಯುವವರಿಗೆ ಮೇಲ್ಪಂಕ್ತಿಯಾಯಿತು.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ಈ ಪದ್ಧತಿಯ ಹೆಸರು ರೂಪುಗೊಂಡದ್ದು 1999ರ ಸುಮಾರಿಗೆ, ‘ಡೂಮ್’ ಎಂಬ ಆಟವನ್ನು ಆಡುತ್ತಿದ್ದವರ ನಡುವೆ. ಆದರೆ ಜಗತ್ತಿನ ಗಮನ ಸೆಳೆದದ್ದು 2003ರಲ್ಲಿ. ಮೊರಿಮೊಟೊ ಎಂಬ ಹೆಸರಿನ ಜಪಾನಿ ಆಟಗಾರರೊಬ್ಬರು ‘ಸೂಪರ್ ಮಾರಿಯೊ ಬ್ರದರ್ಸ್ 3’ ಆಟವನ್ನು ಸುಮಾರು 11 ನಿಮಿಷಗಳಲ್ಲಿ ಮುಗಿಸಿದ ಚಿತ್ರಣ ಅಂತರ್ಜಾಲದಲ್ಲಿ ಕೈಯಿಂದ ಕೈಗೆ ಹರಡಿತು. ಹೇಗೆ ಮಾಡಿದ್ದೆಂಬ ವಿವರಣೆ ಮಾತ್ರ ಅದರ ಜೊತೆಯಲ್ಲಿ ಪ್ರಯಾಣ ಮಾಡಲಿಲ್ಲ. ಜನರು ಅದನ್ನು ಮನುಷ್ಯನ ಕೈಚಳಕವೆಂದೇ ನಂಬಿ ಬೆರಗಾದರು. ನಿಜ ತಿಳಿದ ಮೇಲೆ ಮೋಸಹೋದೆವೆಂದು ಸಿಟ್ಟಾದರು. ಉಪಕರಣ ಬಳಸಿದ್ದಕ್ಕಿಂತ, ತಾವು ನೋಡುತ್ತಿರುವುದೇನು ಎಂಬುದು ತಮಗೆ ತಿಳಿಯದೆ ಹೋದದ್ದೇ ಅವರ ನೋವಿನ ಮೂಲವಾಗಿತ್ತೆಂದು ನನಗೆ ತೋರುತ್ತದೆ.

ಆ ವರ್ಷದ ಡಿಸೆಂಬರ್‌ನಲ್ಲಿಯೇ ಫಿನ್‌ಲೆಂಡ್ ದೇಶದ ತಂತ್ರಾಂಶಕಾರರೊಬ್ಬರು ಇಂಥ ಆಟಗಳನ್ನು ಒಂದೆಡೆ ಸಂಗ್ರಹಿಸುವ ಕಾರ್ಯಕ್ಕೆ ಕೈಹಾಕಿದರು. ಅದೇ ಮುಂದೆ ‘ಟಾಸ್‌ವಿಡಿಯೋಸ್’ ಎಂಬ ಸಂಸ್ಥೆಯಾಗಿ ಬೆಳೆಯಿತು. ಉಪಕರಣಗಳ ನೆರವಿನಿಂದ ಮಾಡಿದ್ದು ಎಂಬ ಸೂಚನೆ ಚಿತ್ರಣದಲ್ಲಿಯೇ ಇರಬೇಕೆಂಬುದು ಅಲ್ಲಿಯ ರೂಢಿ. ಎಷ್ಟು ಬಾರಿ ಹಿಂದಿರುಗಿ ತಿದ್ದಲಾಯಿತೆಂಬ ಸಂಖ್ಯೆಯನ್ನು ಕೂಡ ಪ್ರಕಟಿಸುತ್ತಾರೆ; ಅದು ಸಾವಿರಗಳಲ್ಲಿರುತ್ತದೆ, ಎಷ್ಟೋ ಬಾರಿ ಲಕ್ಷವನ್ನು ಮುಟ್ಟುತ್ತದೆ. ತಮ್ಮ ತಪ್ಪುಗಳ ಲೆಕ್ಕವನ್ನು ಹೀಗೆ ಹಣೆಯ ಮೇಲೆ ಬರೆದುಕೊಂಡು ಬರುವವರನ್ನು ಮೋಸಗಾರರೆನ್ನುವುದು ಹೇಗೆ?

ಅಲ್ಲಿ ಒಂದು ಆಟ ಸ್ವೀಕೃತವಾಗುವ ಕ್ರಮವೂ ಗಮನಾರ್ಹವಾದುದು. ರಚಿಸಿದವರು ಗುಂಡಿಗಳ ಪಟ್ಟಿಯೊಡನೆ, ಎಲ್ಲಿ ಯಾವ ಉಪಾಯ ಬಳಸಿದೆವು, ಅದನ್ನು ಕಂಡುಹಿಡಿದವರು ಯಾರು ಎಂಬ ವಿವರಣೆಯನ್ನು ಕೊಡುತ್ತಾರೆ. ಇತರರು ನೋಡಿ ಅಭಿಪ್ರಾಯ ತಿಳಿಸುತ್ತಾರೆ. ಬಳಿಕ ತೀರ್ಪುಗಾರರೊಬ್ಬರು ಪರಿಶೀಲಿಸಿ ಒಪ್ಪುತ್ತಾರೆ, ಇಲ್ಲವೆ ಕಾರಣ ತಿಳಿಸಿ ನಿರಾಕರಿಸುತ್ತಾರೆ. ಒಂದೇ ಒಂದು ಫ್ರೇಮಿನಷ್ಟು ವೇಗವಾದ ಹೊಸ ಆಟ ಬಂದರೂ ಅದು ಹಳೆಯದರ ಸ್ಥಾನವನ್ನು ಪಡೆಯಬಲ್ಲದು. ಆದರೆ ಹಳೆಯದನ್ನು ಅಳಿಸುವುದಿಲ್ಲ. ಒಬ್ಬರು ಏರಿದ ಮೆಟ್ಟಿಲಿನ ಮೇಲೆ ಇನ್ನೊಬ್ಬರು ನಿಲ್ಲುತ್ತಾರೆ. ಮೆಟ್ಟಿಲು ಹಾಗೆಯೇ ಉಳಿಯುತ್ತದೆ.

ವರ್ಷಕ್ಕೊಮ್ಮೆ ಪ್ರಶಸ್ತಿಗಳೂ ಉಂಟು. ಹೆಸರು ಸೂಚಿಸುವವರೂ ಮತ ನೀಡುವವರೂ ಆ ಬಳಗದ ಸದಸ್ಯರೇ. ವರ್ಷದ ಶ್ರೇಷ್ಠ ಆಟ, ವರ್ಷದ ಶ್ರೇಷ್ಠ ರಚನಕಾರ ಎಂಬುವು ಎಲ್ಲಿಯೂ ಇರುವಂಥವು. ಇವಲ್ಲದೆ ವೇಗದ ಕುಶಲತೆಗೆ ಒಂದು, ಅದೃಷ್ಟವನ್ನು ಲೆಕ್ಕದಿಂದ ಪಳಗಿಸಿದ್ದಕ್ಕೆ ಒಂದು, ದೋಷಗಳನ್ನು ಜಾಣ್ಮೆಯಿಂದ ಬಳಸಿದ್ದಕ್ಕೆ ಒಂದು, ಹೊಸ ಹಾದಿ ತೆರೆದುದಕ್ಕೆ ಒಂದು ಪ್ರಶಸ್ತಿ. ಆ ವರ್ಷವಷ್ಟೇ ಬಳಗಕ್ಕೆ ಬಂದ ಹೊಸಬರಿಗೆ ಮೀಸಲಾದ ಪ್ರಶಸ್ತಿಯೊಂದುಂಟು. ನೋಡುವವರನ್ನು ನಗಿಸಿದ ಆಟಕ್ಕೂ ಒಂದುಂಟು. ಏಕೆಂದರೆ ಎಲ್ಲ ಟಾಸ್‌ಗಳ ಗುರಿಯೂ ವೇಗವಲ್ಲ. ‘ಬ್ರೇನ್ ಏಜ್’ ಎಂಬ ಆಟದಲ್ಲಿ ಕೂಡುವ, ಕಳೆಯುವ ಲೆಕ್ಕಗಳಿಗೆ ಪರದೆಯ ಮೇಲೆ ಅಂಕಿ ಬರೆದು ಉತ್ತರಿಸಬೇಕು. ರಚನಕಾರರೊಬ್ಬರು ಅಂಕಿಗಳ ಬದಲು ಸೊಗಸಾದ ಚಿತ್ರಗಳನ್ನೇ ಬಿಡಿಸುತ್ತ ಹೋದರು. ಯಂತ್ರ ಆ ಚಿತ್ರಗಳನ್ನು ಸರಿಯಾದ ಅಂಕಿಗಳೆಂದೇ ಓದಿಕೊಂಡು ಉತ್ತರ ಸರಿಯೆನ್ನುವಂತೆ ರೇಖೆಗಳನ್ನು ಹೊಂದಿಸಿದ್ದರು! ಗೆದ್ದವರಿಗೆ ದೊರೆಯುವುದು ಹೆಸರಿನ ಪಕ್ಕದಲ್ಲಿ ಒಂದು ಪುಟ್ಟ ಚಿಹ್ನೆ. ಆ ಶ್ರಮ ಎಂಥದೆಂದು ಬಲ್ಲವರು ಕೊಟ್ಟದ್ದೆಂಬುದೇ ಅದರ ಬೆಲೆ.

ಎಮ್ಯುಲೇಟರ್‌ನಲ್ಲಿ ನಡೆದದ್ದು ನಿಜವಾದ ಯಂತ್ರದಲ್ಲಿ ನಡೆದೀತೇ ಎಂಬ ಸಂಶಯವನ್ನೂ ಈ ಬಳಗದವರು ಎದುರಿಸಿದರು. ‘ಟಾಸ್‌ಬಾಟ್’ ಎಂಬ ಯಂತ್ರವ್ಯವಸ್ಥೆಯೊಂದನ್ನು ರೂಪಿಸಿ, ಗುಂಡಿಗಳ ಪಟ್ಟಿಯನ್ನು ಅದರ ಮೂಲಕ ಹಳೆಯ ಆಟದ ಯಂತ್ರಕ್ಕೇ ಉಣಿಸಿದರು. 2014ರ ಜನವರಿಯಲ್ಲಿ ಅಮೆರಿಕದಲ್ಲಿ ನಡೆದ ‘ಆಸಮ್ ಗೇಮ್ಸ್ ಡನ್ ಕ್ವಿಕ್’ ಎಂಬ ಸಹಾಯಾರ್ಥ ಕಾರ್ಯಕ್ರಮದಲ್ಲಿ ಸಾವಿರಾರು ಜನರು ನೋಡುತ್ತಿದ್ದಂತೆಯೇ, ‘ಸೂಪರ್ ಮಾರಿಯೊ ವರ್ಲ್ಡ್’ ಆಟದೊಳಗೆ ಬರಿಯ ಗುಂಡಿಗಳ ಒತ್ತುವಿಕೆಯಿಂದಲೇ ‘ಪಾಂಗ್’, ‘ಸ್ನೇಕ್’ ಎಂಬ ಬೇರೆ ಆಟಗಳು ಮೂಡಿಬಂದವು. ಕ್ಯಾನ್ಸರ್ ತಡೆಗಾಗಿ ದುಡಿಯುವ ಪ್ರತಿಷ್ಠಾನಕ್ಕೆ ಆ ಕಾರ್ಯಕ್ರಮದಿಂದ ಕೂಡಿಬಂದ ಹಣ 10 ಲಕ್ಷ ಡಾಲರಿಗೂ ಮಿಕ್ಕಿತ್ತು.

ಉಪಕರಣ ಸತ್ಯಕ್ಕೆ ಸಾಕ್ಷಿಯಾದ ಪ್ರಸಂಗವೂ ಒಂದುಂಟು. 1980ರಲ್ಲಿ ಬಂದ ‘ಡ್ರ್ಯಾಗ್‌ಸ್ಟರ್’ ಎಂಬ ಕಾರಿನ ಆಟವನ್ನು 5.51 ಸೆಕೆಂಡುಗಳಲ್ಲಿ ಮುಗಿಸಿದುದಾಗಿ 1982ರಲ್ಲಿ ಆಟಗಾರರೊಬ್ಬರ ಹೆಸರಿನಲ್ಲಿ ದಾಖಲೆಯಾಯಿತು. ಮೂರೂವರೆ ದಶಕಗಳ ಕಾಲ ಅದನ್ನು ಯಾರೂ ಸರಿಗಟ್ಟಲಿಲ್ಲ. 2017ರಲ್ಲಿ ಆ ಆಟದ ತಂತ್ರಾಂಶವನ್ನು ಬಿಡಿಬಿಡಿಯಾಗಿ ಪರಿಶೀಲಿಸಿದಾಗ, ಪ್ರತಿ ಫ್ರೇಮಿನಲ್ಲಿಯೂ ಲವಲೇಶದ ತಪ್ಪಿಲ್ಲದೆ ಆಡಿದರೂ 5.57 ಸೆಕೆಂಡಿಗಿಂತ ಕೆಳಗೆ ಇಳಿಯಲಾಗದೆಂದು ಕಂಡುಬಂತು. 2018ರ ಜನವರಿಯಲ್ಲಿ ದಾಖಲೆಗಳನ್ನು ಕಾಯುವ ‘ಟ್ವಿನ್ ಗ್ಯಾಲಕ್ಸೀಸ್’ ಸಂಸ್ಥೆ ಅದನ್ನು ರದ್ದುಗೊಳಿಸಿತು. ಗಿನ್ನೆಸ್ ಸಂಸ್ಥೆಯೂ ಕೈಬಿಟ್ಟಿತು. ಕೈಯಿಂದ ಆಡಿದ್ದೆಂದು ಹೇಳಿದ ದಾಖಲೆ ನಿಲ್ಲಲಿಲ್ಲ. ಉಪಕರಣದಿಂದ ಮಾಡಿದ್ದೆಂದು ಒಪ್ಪಿಕೊಂಡ ಲೆಕ್ಕ ನಿಂತಿತು.

ಹಾಗೆಂದು ಮಕ್ಕಳು ಹಗಲಿರುಳು ಪರದೆಯ ಮುಂದೆ ಕುಳಿತಿರಲೆಂದು ನಾನು ಹೇಳುತ್ತಿಲ್ಲ. ಓದು, ನಿದ್ರೆ, ಬಯಲಿನ ಆಟ, ಮನೆಯವರೊಡನೆ ಮಾತು ಇವುಗಳ ಪಾಲನ್ನು ಯಾವ ಆಟವೂ ಕಸಿಯಕೂಡದು; ಸಮಯದ ಮಿತಿಯನ್ನು ಹಿರಿಯರೇ ಹಾಕಿಕೊಡಬೇಕು. ಇದೇ ಉಪಕರಣವನ್ನು ಗುಟ್ಟಾಗಿ ಬಳಸಿ, ಕೈಯಿಂದ ಆಡುವವರ ಸಾಲಿನಲ್ಲಿ ಹೋಗಿ ನಿಂತರೆ ಅದು ನಿಸ್ಸಂದೇಹವಾಗಿಯೂ ಮೋಸ. ಆದರೆ ಮಗು ಏನು ಮಾಡುತ್ತಿದೆಯೆಂದು ಕೇಳಿ ತಿಳಿಯುವ ಮೊದಲೇ ನಮ್ಮ ಬಾಯಿಂದ ತೀರ್ಪು ಹೊರಬೀಳಬಾರದು. ನಾನು ಮಾಡಿದ ತಪ್ಪು ಅದೇ.

ಕಳೆದ ವಾರ ಮೊಮ್ಮಗನಿಗೆ ದೂರವಾಣಿ ಮಾಡಿ, “ಅಂದು ನಾನು ಅವಸರದಿಂದ ಆಡಿದ ಮಾತು ತಪ್ಪು, ಮಗೂ” ಎಂದೆ. ಅವನು ನಕ್ಕ. ಆಮೇಲೆ ಸಂಕೋಚದಿಂದ, ತಾನೂ ಮಾರಿಯೊ ಆಟದ ಮೊದಲನೆಯ ಹಂತವನ್ನು ಹಾಗೆ ಮಾಡಲು ತೊಡಗಿರುವುದಾಗಿಯೂ, ಎರಡು ವಾರ ತಿದ್ದಿದರೂ ಇನ್ನೂ ಒಂದು ಪಂಕ್ತಿ ಹಿಂದೆಯೇ ಉಳಿದಿರುವುದಾಗಿಯೂ ತಿಳಿಸಿದ. ಅಂದು ಅವನ ಮುಖ ಬಾಡಿದ್ದೇಕೆಂದು ನನಗೆ ಆಗ ಅರ್ಥವಾಯಿತು.

“ಎಷ್ಟು ಬಾರಿ ತಿದ್ದಿದೆ?” ಎಂದು ಕೇಳಿದೆ.

“ಎರಡು ಸಾವಿರದ ಮುನ್ನೂರ ಹನ್ನೆರಡು, ಅಜ್ಜಾ” ಎಂದ, ಸ್ವಲ್ಪವೂ ತಡೆಯದೆ.

ಲೆಕ್ಕ ಇಟ್ಟಿದ್ದ. ದೀಪಾವಳಿಗೆ ಬಂದಾಗ ತೋರಿಸು, ಓದಿನ ಹೊತ್ತನ್ನು ಮಾತ್ರ ಇದಕ್ಕೆ ಕೊಡಬೇಡ ಎಂದು ಹೇಳಿ ದೂರವಾಣಿ ಇರಿಸಿದೆ.