ಆಸ್ಪತ್ರೆಯ ಹೊಸ್ತಿಲಲ್ಲಿ ಮೊದಲ ಪಾಠ: ವರ್ತಕ ಸಮುದಾಯದ ಪಾಲೇನು?

ಭತ್ತದ ಸುಗ್ಗಿಯ ದಿನಗಳಲ್ಲಿ ಸಿಂಧನೂರಿನ ಗಿರಣಿಯೊಂದರಲ್ಲಿ ಕಾರ್ಮಿಕನ ಕೈ ಬೆಲ್ಟಿಗೆ ಸಿಕ್ಕಿತೆಂದು ಭಾವಿಸೋಣ. ತಾಲೂಕು ಆಸ್ಪತ್ರೆಗೆ ಸಾಗಿಸಿದ ಆ ಗಾಯಾಳುವಿನ ಬಳಿಗೆ ಮೊದಲು ಬರುವವರು ತಜ್ಞ ವೈದ್ಯರಲ್ಲ. ಗಾಯವನ್ನು ಒತ್ತಿ ಹಿಡಿಯುವ ಶುಶ್ರೂಷಕಿ, ರಕ್ತದ ಗುಂಪನ್ನು ಪರೀಕ್ಷಿಸುವ ತಂತ್ರಜ್ಞ, ಎಕ್ಸ್‌ರೇ ತೆಗೆಯುವ ಸಹಾಯಕ, ಇವರ ಕೈಯಲ್ಲಿಯೇ ಆ ಮೊದಲ ನಿಮಿಷಗಳು ಇರುತ್ತವೆ. ಆ ಕೈಗಳು ಎಷ್ಟು ಪಳಗಿವೆ ಎಂಬುದು ಗಿರಣಿಯ ಮಾಲೀಕನಿಗೂ ಸಂಬಂಧಿಸಿದ ವಿಷಯವೇ ಆಗಿದೆ.

ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಅನೇಕ ಯುವಕ ಯುವತಿಯರು ಇಂದು ನರ್ಸಿಂಗ್ ಮತ್ತು ಅರೆವೈದ್ಯಕೀಯ ಶಿಕ್ಷಣದತ್ತ ಮುಖ ಮಾಡಿದ್ದಾರೆ. 2012ರ 98ನೇ ಸಂವಿಧಾನ ತಿದ್ದುಪಡಿಯಿಂದ ಬಂದ 371ಜೆ ವಿಧಿಯ ಅನ್ವಯ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ದೊರೆತಿದೆ. 2007ರಲ್ಲಿ ರಾಯಚೂರಿಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ. ಬಾಗಿಲೇನೋ ತೆರೆದಿದೆ. ಆದರೆ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಆಸ್ಪತ್ರೆಯನ್ನು ರೋಗಿಯ ಸಂಬಂಧಿಕನಾಗಿ ಮಾತ್ರ ಕಂಡ ವಿದ್ಯಾರ್ಥಿ ಆ ಬಾಗಿಲನ್ನು ದಾಟಿದ ಮರುದಿನವೇ ಎಡವುವುದುಂಟು. ‘ಹೈಪರ್’ ಎಂದರೆ ಹೆಚ್ಚು, ‘ಹೈಪೊ’ ಎಂದರೆ ಕಡಿಮೆ. ಒಂದಕ್ಷರದ ಈ ವ್ಯತ್ಯಾಸ ತಿಳಿಯದಿದ್ದರೆ ಪರೀಕ್ಷೆಯಲ್ಲಿ ಅಂಕ ಹೋದೀತು. ವಾರ್ಡಿನಲ್ಲಿ ಅದಕ್ಕಿಂತ ಹೆಚ್ಚಿನದು ಹೋದೀತು. ಸಾಲ ಮಾಡಿ ಶುಲ್ಕ ಕಟ್ಟಿದ ಮೇಲೆ, ರಕ್ತ ಕಂಡರೆ ತಲೆ ಸುತ್ತುತ್ತದೆ ಎಂದು ಅರಿತು ಓದು ಬಿಟ್ಟರೆ ಆ ಕುಟುಂಬದ ನಷ್ಟವನ್ನು ಭರಿಸುವವರಾರು?

ವೈದ್ಯರಾಗುವವರಿಗೆ ಈ ಕೊರತೆಯನ್ನು ನೀಗಿಸುವ ಏರ್ಪಾಡು ಆಗಿದೆ. 2019ರಲ್ಲಿ ಎಂ.ಬಿ.ಬಿ.ಎಸ್. ಪಠ್ಯಕ್ರಮ ಪರಿಷ್ಕೃತವಾದಾಗ ಆರಂಭದಲ್ಲಿಯೇ ಒಂದು ತಿಂಗಳ ಬುನಾದಿ ತರಬೇತಿಯನ್ನು ಸೇರಿಸಲಾಯಿತು. ಪ್ರಥಮ ಚಿಕಿತ್ಸೆ, ಸೋಂಕಿನಿಂದ ರಕ್ಷಣೆ, ಸ್ಥಳೀಯ ಭಾಷೆ, ಸಮುದಾಯದ ಪರಿಚಯ ಇವೆಲ್ಲ ಅದರಲ್ಲಿದ್ದವು. ವೈದ್ಯನಿಗೆ ಬೇಕಾದ ಅಡಿಪಾಯ ಶುಶ್ರೂಷಕಿಗೂ ತಂತ್ರಜ್ಞನಿಗೂ ಬೇಡವೆ? ಅಮೆರಿಕದ ಸಮುದಾಯ ಕಾಲೇಜುಗಳು ಸ್ಥಳೀಯ ಆಸ್ಪತ್ರೆಗಳಿಗೆ ಬೇಕಾದ ಸಿಬ್ಬಂದಿಯನ್ನು ಸ್ಥಳೀಯವಾಗಿಯೇ ಸಿದ್ಧಗೊಳಿಸುತ್ತ ಬಂದಿವೆ. ನಮ್ಮ ವಿಶ್ವವಿದ್ಯಾಲಯ ಅನುದಾನ ಆಯೋಗವೂ 2013ರಲ್ಲಿ ಸಮುದಾಯ ಕಾಲೇಜು ಯೋಜನೆಯನ್ನು ರೂಪಿಸಿದಾಗ ಸ್ಥಳೀಯ ಉದ್ಯಮಗಳ ಸಹಭಾಗಿತ್ವವನ್ನು ಅದರ ಭಾಗವಾಗಿಸಿತು.

ಮೂರು ಪಟ್ಟಣಗಳಿಗೂ ಹೊಂದುವಂತೆ, ನಡುವೆ ಇರುವ ಮಸ್ಕಿಯ ಪದವಿ ಕಾಲೇಜೊಂದರಲ್ಲಿ ರಜಾ ಅವಧಿಯಲ್ಲಿ ಇಂಥ ಒಂದು ತಿಂಗಳ ಪ್ರವೇಶ ತರಬೇತಿಯನ್ನು ನಡೆಸಬಹುದು. ವಿಷಯಗಳು ದುಬಾರಿಯವಲ್ಲ. ಕೈ ತೊಳೆಯುವ ಕ್ರಮ. ಸೂಜಿ ಚುಚ್ಚಿಕೊಳ್ಳದಂತೆ ಎಚ್ಚರ. ವಾರ್ಡಿಗೆ ಕಾಲಿಡುವ ಮುನ್ನ ಹೆಪಟೈಟಿಸ್ ಬಿ ಲಸಿಕೆ. 2016ರ ಜೀವವೈದ್ಯಕೀಯ ತ್ಯಾಜ್ಯ ನಿಯಮಗಳಂತೆ ಹಳದಿ, ಕೆಂಪು, ಬಿಳಿ, ನೀಲಿ ಡಬ್ಬಿಗಳ ಬಳಕೆ. ವೈದ್ಯಕೀಯ ಪದಗಳಿಗೆ ಕನ್ನಡದ ಅರ್ಥ. ರೋಗಿಯ ಗುಟ್ಟನ್ನು ಕಾಯುವ ಶಿಸ್ತು. ಇದರೊಂದಿಗೆ ದಾಖಲೆ ಬರೆಯುವ ಅಭ್ಯಾಸವೂ ಬೇಕು. ವೋಚರಿಲ್ಲದ ಖರ್ಚನ್ನು ಲೆಕ್ಕಪರಿಶೋಧಕ ಒಪ್ಪುವುದಿಲ್ಲ. ಹಾಗೆಯೇ ಬರೆದಿಡದ ಔಷಧಿಯನ್ನು ಕೊಟ್ಟಿದೆ ಎಂದು ಮುಂದಿನ ಪಾಳಿಯವರು ನಂಬುವಂತಿಲ್ಲ.

ಹಣದ ಮಾತು. ಉದಾಹರಣೆಗೆ, ಐವತ್ತು ಸಂಸ್ಥೆಗಳು ತಲಾ ರೂ. 3,000 ನೀಡಿದರೆ ರೂ. 1,50,000 ಆಗುತ್ತದೆ; ಮೂವತ್ತು ವಿದ್ಯಾರ್ಥಿಗಳಿಗೆ ತಲಾ ರೂ. 5,000 ದೊರೆಯುತ್ತದೆ. ಪಾಠ ಹೇಳಲು ನಿವೃತ್ತ ಶುಶ್ರೂಷಕಿಯರನ್ನೂ ಸ್ಥಳೀಯ ವೈದ್ಯರನ್ನೂ ವಿನಂತಿಸಬಹುದು. ದೊಡ್ಡ ಕಂಪನಿಗಳ ಸಾಮಾಜಿಕ ಹೊಣೆಯ ನಿಧಿ ಬರಲೆಂದು ಕಾಯುವ ಅಗತ್ಯವಿಲ್ಲ. ವಂತಿಗೆಯನ್ನು ನಗದಾಗಿ ನೀಡದೆ ಚೆಕ್ಕಿನ ಮೂಲಕ ನೀಡಿ, ರಸೀದಿ ಪಡೆದು, ವರ್ಷಾಂತ್ಯದಲ್ಲಿ ಲೆಕ್ಕಪತ್ರವನ್ನು ಸದಸ್ಯರ ಮುಂದಿಡುವುದು ಶ್ರೇಯಸ್ಕರ.

ಆಕ್ಷೇಪಣೆಗಳೂ ಇವೆ. ಇದು ಸರ್ಕಾರದ ಕೆಲಸ ಎನ್ನುವವರಿದ್ದಾರೆ. ನಿಜ; ಆದರೆ 1948ರ ಕಾರ್ಖಾನೆ ಕಾಯಿದೆಯು ಪ್ರಥಮ ಚಿಕಿತ್ಸಾ ಪೆಟ್ಟಿಗೆಯನ್ನೂ ಅದನ್ನು ನೋಡಿಕೊಳ್ಳಲು ತರಬೇತಿ ಪಡೆದ ವ್ಯಕ್ತಿಯನ್ನೂ ಒದಗಿಸುವ ಹೊಣೆಯನ್ನು ಮಾಲೀಕನ ಮೇಲೆಯೇ ಹೊರಿಸಿತ್ತು. ಪೆಟ್ಟಿಗೆ ಗೋಡೆಯಲ್ಲಿ ತೂಗಿದೆ, ವ್ಯಕ್ತಿ ಎಲ್ಲಿ? ಇದೇ ತರಬೇತಿಯ ಮೊದಲ ವಾರಕ್ಕೆ ಪ್ರತಿ ಗಿರಣಿಯಿಂದ ಒಬ್ಬ ಕೆಲಸಗಾರನನ್ನು ಕಳುಹಿಸಿದರೆ ಆ ಪ್ರಶ್ನೆಗೂ ಉತ್ತರ ಸಿಗುತ್ತದೆ. ಕಲಿತವರು ಬೆಂಗಳೂರಿಗೋ ಹೈದರಾಬಾದಿಗೋ ಹೋಗುತ್ತಾರೆ ಎಂಬುದು ಇನ್ನೊಂದು ಮಾತು. ಕೆಲವರು ಖಂಡಿತ ಹೋಗುತ್ತಾರೆ. ಆದರೆ ಯಾರಿಗೂ ಕಲಿಸದಿದ್ದರೆ ಉಳಿಯುವವರೂ ಕಲಿಯದೆಯೇ ಉಳಿಯುತ್ತಾರೆ.

ಮೂರನೆಯ ಆಕ್ಷೇಪಣೆ ಗಂಭೀರವಾದುದು. ಒಂದು ತಿಂಗಳ ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿ ಸೂಜಿಮದ್ದು ನೀಡಲು ಕೂಡುವವರು ಹುಟ್ಟಿಕೊಂಡರೆ ಉಪಕಾರವೇ ಅಪಕಾರವಾಗುತ್ತದೆ. 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯಿದೆಯು ಸಹಾಯಕ ಆರೋಗ್ಯ ವೃತ್ತಿಪರನಿಗೆ ಕನಿಷ್ಠ 2,000 ಗಂಟೆಗಳ ಶಿಕ್ಷಣವನ್ನು ನಿಗದಿಪಡಿಸಿದೆ. ಪ್ರವೇಶ ತರಬೇತಿ ಅದಕ್ಕೆ ಬದಲಿಯಲ್ಲ. ಆದುದರಿಂದ ಪ್ರಮಾಣಪತ್ರದ ಬದಲು ಹಾಜರಾತಿ ಪತ್ರವನ್ನಷ್ಟೇ ನೀಡಿ, ಇದು ವೃತ್ತಿ ನಡೆಸಲು ಅರ್ಹತೆಯಲ್ಲ ಎಂದು ಅದರ ಮೇಲೆಯೇ ಕನ್ನಡದಲ್ಲಿ ಮುದ್ರಿಸತಕ್ಕದ್ದು. ಮಾನ್ಯತೆಯಿಲ್ಲದ ಸಂಸ್ಥೆಗೆ ಶುಲ್ಕ ಕಟ್ಟಿ ಮೋಸಹೋಗದಂತೆ ವಿಚಾರಿಸುವ ಬಗೆಯನ್ನೂ ಪೋಷಕರಿಗೆ ಇದೇ ತರಬೇತಿಯಲ್ಲಿ ತಿಳಿಸಬೇಕು.

ಅಶೋಕನ ಹೆಸರನ್ನು ಜಗತ್ತಿಗೆ ತಿಳಿಸಿದ ಶಾಸನ 1915ರಲ್ಲಿ ಮಸ್ಕಿಯಲ್ಲಿಯೇ ಬೆಳಕಿಗೆ ಬಂದಿತು. ಅದೇ ಅರಸನ ಬೇರೊಂದು ಶಾಸನ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದನ್ನು ಹೇಳುತ್ತದೆ. ಅಂದು ಅರಸನ ಬೊಕ್ಕಸದಿಂದ ನಡೆದ ಕಾರ್ಯಕ್ಕೆ ಇಂದು ಪೇಟೆಯ ಗಲ್ಲಾಪೆಟ್ಟಿಗೆಯಿಂದ ಒಂದು ಸಣ್ಣ ಪಾಲು ಸಲ್ಲಬಾರದೆ? ಮುಂದಿನ ಸುಗ್ಗಿಗೆ ಮುನ್ನ ಮೂರೂ ಪಟ್ಟಣಗಳ ವರ್ತಕರು ಒಮ್ಮೆ ಕೂಡಿ ಕುಳಿತು ನಿರ್ಧರಿಸುವುದು ಒಳಿತು.